ಪಾಂಡಿಚೇರಿಯಲ್ಲಿ ಭಾವನಿಗೆ ಊಟ ಹಾಕಿದ್ದು

ನಮ್ಮ ಕಡೆ ಹೆಣ್ಣು ನೋಡಲು ಹೋದವರು ಆ ಮನೆಯಲ್ಲಿ ಊಟ ಮಾಡುವುದಿಲ್ಲ. ಉಪ್ಪಿಟ್ಟು ತಿನ್ನಬಹುದು, ಬಾಳೆಹಣ್ಣು ತಿನ್ನಬಹುದು, ಕಾಫಿಯನ್ನಂತೂ ಎಷ್ಟು ಲೋಟ ಬೇಕಾದರೂ ಕುಡಿಯಬಹುದು. ಆದರೆ ಎಲೆ ಹಾಕಿಸಿಕೊಂಡು ಉಂಡರೋ, ಸಂಬಂಧ ಒಪ್ಪಿದ ಹಾಗೆ. ಹುಡುಗಿಯ ಕಡೆಯವರು ಹುಡುಗನ ಮನೆ ನೋಡಲು ಬಂದಾಗಲೂ ಇದೇ ಕಟ್ಟಳೆ. ಹೂಂ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಉಹೂಂ ಎಂದು ಹೇಳಿ ಮನಸ್ಸು ನೋಯಿಸಬೇಕಾಗಿಯೂ ಇಲ್ಲ. ಎಲ್ಲವನ್ನೂ ಹೊಟ್ಟೆಯೇ ಹೇಳುತ್ತದೆ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ, ಮನೆಯಲ್ಲಿ ಕನ್ನಡ ಮಾತಾಡಿ ಬೀದಿಯಲ್ಲಿ ತೆಲುಗು ಮಾತಾಡುವ ನಮ್ಮ ಜನಕ್ಕೆಲ್ಲ ಇದು ಗೊತ್ತಿರುವ ವಿಷಯ. ಗೊತ್ತಿದ್ದೂ ಮರೆತವನೊಬ್ಬ ಇದ್ದ. ಅವನು ನಾನು.

ನನ್ನ ಮೊದಲ ಹೆಣ್ಣು ನೋಡುವ ಶಾಸ್ತ್ರ ಪೆನುಕೊಂಡದ ಹತ್ತಿರದ ಒಂದು ಹಳ್ಳಿಯಲ್ಲಿ ನಡೆಯಿತು. ಜೊತೆಗೆ ಬಂದಿದ್ದ ಸೋದರಮಾವ ಹೊರಗೆ ನಿಂತು ಯಾರೊಡನೆಯೋ ಬೋರ್‌ವೆಲ್ ವಿಚಾರ ಮಾತಾಡುತ್ತಿದ್ದರು. ಒಳಗೆ ಹುರುಳಿಕಾಳಿನ ಸಾರಿನ ಒಗ್ಗರಣೆ ಬಿತ್ತು. ಹುಡುಗಿಯ ಅಜ್ಜಿ ಉಪಚಾರಕ್ಕೆಂದು, 'ಒಂದು ಮುದ್ದೆ ಉಣ್ತೀಯೇನಪ್ಪ' ಎಂದಿತು. ನಾನು ಬೆಳಿಗ್ಗೆ ಏನೂ ತಿಂದಿರಲಿಲ್ಲ. ಮಾವ ಒಳಗೆ ಬರುವ ಹೊತ್ತಿಗೆ ಎರಡನೆಯ ಮುದ್ದೆ ಅರ್ಧಕ್ಕಿಳಿದಿತ್ತು, ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ನಗುತ್ತ ನಿಂತಿದ್ದರು. ಹುಡುಗಿಯ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿಯೇ ಇರಲಿಲ್ಲ. ಅವಳು ನನ್ನನ್ನು ಚೆನ್ನಾಗಿ ನೋಡಿದ್ದಳೆಂದು ಕಾಣುತ್ತದೆ. ಮರುವಾರ ಮಾವ ಕ್ಷಮೆ ಕೇಳಲು ಹೋದಾಗ ಅವರ ಮನೆಯವರೇ ಮೊದಲು, 'ನಮ್ಮ ಹುಡುಗಿಗೆ ಇಷ್ಟ ಇಲ್ಲ, ಬೇಜಾರು ಮಾಡ್ಕಬೇಡಿ' ಎಂದರಂತೆ. ಮಾವ ವಾಪಸು ಬಂದು ನನಗೆ ಹೇಳಿದ್ದು ಒಂದೇ ಮಾತು. 'ಇನ್ಮೇಲೆ ಎಲ್ಲಿಗೋದ್ರೂ ಮನೆಯಾಗೆ ಉಂಡ್ಕಂಡು ಹೋಗ್ಲಾ.'

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾನು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ಬರೆಸುತ್ತಿದ್ದೆ. ಚಿಲಮತ್ತೂರಿನ ಹತ್ತಿರದ ಒಂದು ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಹಿಂದೂಪುರದಲ್ಲಿ ಅಮ್ಮನ ಜೊತೆ ವಾಸ. ಬರೆಸಿದ ಗಾದೆಯಲ್ಲಿ ನನಗೆ ಎರಡು ಭಾಗವೂ ಗೊತ್ತಿರಲಿಲ್ಲ ಎಂಬುದಕ್ಕೆ ಮುಂದಿನದೆಲ್ಲ ಸಾಕ್ಷಿ.

ಬಿ.ಎಡ್. ಓದುವಾಗ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯನೊಬ್ಬ ಕಲ್ಯಾಣದುರ್ಗದವನು. ಅವನೂ ಮೇಷ್ಟ್ರೇ, ಸೆಟ್ಟೂರಿನ ಕಡೆಯ ಶಾಲೆಯಲ್ಲಿ. ತಿಂಗಳಿಗೊಮ್ಮೆಯಾದರೂ ಹಿಂದೂಪುರಕ್ಕೆ ಬರುತ್ತಿದ್ದ, ಬಂದರೆ ನಮ್ಮ ಮನೆಯಲ್ಲೇ ಊಟ. 'ಅಮ್ಮಾ, ಇನ್ನರ್ಧ ಮುದ್ದೆ ಹಾಕು, ನಿನ್ನ ಮಗ ಹೆಂಗೂ ಉಣ್ಣಾಕಿಲ್ಲ' ಎಂದು ನನ್ನ ಪಾಲಿನದನ್ನೂ ಉಂಡು ಹೋಗುತ್ತಿದ್ದ.

ಒಂದು ಸಲ ಪರೀಕ್ಷೆಯ ಕೆಲಸಕ್ಕೆಂದು ನಾನು ಕಲ್ಯಾಣದುರ್ಗಕ್ಕೆ ಹೋದಾಗ ಜ್ವರ ಬಂತು. ಅವನು ನನ್ನನ್ನು ತನ್ನ ತಂಗಿ ಕೆಲಸ ಮಾಡುತ್ತಿದ್ದ ರಕ್ತ ಪರೀಕ್ಷೆಯ ಲ್ಯಾಬಿಗೆ ಕರೆದುಕೊಂಡು ಹೋದ. ಬಿಳಿ ಕೋಟು ಹಾಕಿಕೊಂಡಿದ್ದ ಆಕೆ ನನ್ನ ಬೆರಳು ಹಿಡಿದು, 'ಆ ಕಡೆ ನೋಡಿ ಮೇಷ್ಟ್ರೇ' ಎಂದಳು. ನಾನು ಈ ಕಡೆ ನೋಡಿದೆ. ಸೂಜಿ ಕಂಡಿತು. ಮುಂದೆ ನನಗೆ ನೆನಪಿರುವುದು ಸ್ಟೂಲಿನ ಕಾಲು ಮತ್ತು ನೆಲದ ತಣ್ಣನೆಯ ಸಿಮೆಂಟು. ಕಣ್ಣು ಬಿಟ್ಟಾಗ ಗೆಳೆಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳು ನಗಲಿಲ್ಲ. ಗಾಜಿನ ತುಂಡಿನ ಮೇಲೆ ನನ್ನ ರಕ್ತ ಸವರುತ್ತ, 'ಬೆಳಿಗ್ಗೆ ಏನು ತಿಂದಿದ್ರಿ' ಎಂದು ಕೇಳಿದಳು. ನನ್ನ ಊಟದ ಬಗ್ಗೆ ಅಮ್ಮನನ್ನು ಬಿಟ್ಟು ಯಾರೂ ಅಷ್ಟು ಗಂಭೀರವಾಗಿ ವಿಚಾರಿಸಿರಲಿಲ್ಲ. ಅಲ್ಲೇ, ನೆಲದ ಮೇಲೆ ಕೂತಿದ್ದಾಗಲೇ, ಇವಳನ್ನೇ ಮದುವೆಯಾಗಬೇಕು ಎಂದು ನನಗೆ ಅನ್ನಿಸಿಬಿಟ್ಟಿತು.

ಇದನ್ನು ಅವಳಿಗೆ ಹೇಳುವುದು ಬಿಟ್ಟು ನಾನು ಹೇಳಿದ್ದು ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ವ್ಯಾಪಾರ ಮಾಡುವ ನನ್ನ ಬಾಲ್ಯದ ಗೆಳೆಯನಿಗೆ. ಮಂಡಿಯವನು ಎರಡು ಕಡೆಯವರ ನಡುವೆ ವ್ಯಾಪಾರ ಕುದುರಿಸಿ ಅಭ್ಯಾಸವಿದ್ದವನು. ಕಲ್ಯಾಣದುರ್ಗದವನ ಕಿವಿಗೆ ಹಾಕಿದ. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆದರೆ ಮುಂದಿನ ಸಲ ಹಿಂದೂಪುರಕ್ಕೆ ಬಂದಾಗ ನಮ್ಮ ಮನೆಯಲ್ಲಿ ಬರೀ ಕಾಫಿ ಕುಡಿದು ಎದ್ದ.

'ಯಾಕಪ್ಪ, ಮುದ್ದೆ ಮಾಡಿದೀನಿ, ಸೊಪ್ಪಿನ ಸಾರೈತೆ' ಎಂದಳು ಅಮ್ಮ.

'ಕಾಫಿ ಸಾಕು ಕಣಮ್ಮ. ಹೊಟ್ಟೆ ಸರಿಗಿಲ್ಲ.'

ಆಮೇಲೆ ಒಂದು ವರ್ಷದ ತನಕ ಅವನ ಹೊಟ್ಟೆ ನೆಟ್ಟಗಾಗಲಿಲ್ಲ. ಬರುತ್ತಿದ್ದ, ನಗುನಗುತ್ತ ಮಾತಾಡುತ್ತಿದ್ದ, ಒಲೆಯ ಕಡೆಗೆ ಒಮ್ಮೆ ಆಸೆಯಿಂದ ನೋಡುತ್ತಿದ್ದ, ಕಾಫಿ ಕುಡಿದು ಹೋಗುತ್ತಿದ್ದ. ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲವಾದ್ದರಿಂದ, 'ಆ ಹುಡುಗನ್ನ ಒಳ್ಳೆ ಡಾಕ್ಟ್ರಿಗೆ ತೋರ್ಸಕ್ಕೆ ಹೇಳ್ಲಾ' ಎಂದು ಕೊರಗುತ್ತಿದ್ದಳು. ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ನಾನು ಅವನ ಹೊಟ್ಟೆಯನ್ನೇ ಕಾಯುತ್ತ ಕೂತೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಮಂಡಿಯವನೇ ಪ್ರವಾಸದ ಏರ್ಪಾಟು ಮಾಡಿದ. ವೆಲ್ಲೂರು, ತಿರುವಣ್ಣಾಮಲೈ, ಕೊನೆಗೆ ಪಾಂಡಿಚೇರಿ. ಬಾಡಿಗೆಗೆ ಹಿಡಿದ ಸುಮೋ, ಓಡಿಸುವವನು ಅವನೇ. ಜೊತೆಗೆ ನಾನು, ಕಲ್ಯಾಣದುರ್ಗದವನು, ಅವನ ಹೆಂಡತಿ, ಮತ್ತು ತಂಗಿ. ತಂಗಿಯನ್ನು ಹೊರಡಿಸಿದ್ದು ಅತ್ತಿಗೆ. ಅದೇ ಒಂದು ಶುಭಸೂಚನೆ ಎಂದು ನಾನು ಹೊಸ ಶರ್ಟು ಹೊಲಿಸಿಕೊಂಡೆ. ಊಟದ ವಿಚಾರದಲ್ಲಿ ನಾವು ಗಂಡಸರು ಮೂವರೂ ಪಾಳಿ ಮಾಡಿಕೊಂಡೆವು. ಒಂದೊಂದು ಊಟದ ಖರ್ಚು ಒಬ್ಬೊಬ್ಬರದು.

ವೆಲ್ಲೂರಿನಲ್ಲಿ ನನ್ನ ಪಾಳಿ. ಕಲ್ಯಾಣದುರ್ಗದವನು ಎಲೆಯ ಮುಂದೆ ಕೂರದೆ ಮಜ್ಜಿಗೆ ತರಿಸಿಕೊಂಡು, 'ಹೊಟ್ಟೆ ಯಾಕೋ ಗುಡುಗುಡು ಅಂತೈತೆ' ಎಂದ. ತಿರುವಣ್ಣಾಮಲೈಯಲ್ಲಿ ಮಂಡಿಯವನ ಪಾಳಿ. ಅಲ್ಲಿ ಅದೇ ಹೊಟ್ಟೆ ಮೂರು ಸಲ ಅನ್ನ ಹಾಕಿಸಿಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನ ವಿಚಾರದಲ್ಲಿ ತುತ್ತು ಬೇರೆಯವರ ಬಾಯಿಗೆ ಹೋಗಬೇಕಿತ್ತು, ಅದೂ ಆಗುತ್ತಿರಲಿಲ್ಲ.

ಕಲ್ಯಾಣದುರ್ಗದವನು ತನ್ನ ಪಾಳಿಯನ್ನು ದಾರಿಯಲ್ಲಿ ಇಡ್ಲಿ ಕೊಡಿಸಿ ಮುಗಿಸಿದ. ಪಾಂಡಿಚೇರಿಯಲ್ಲಿ ಮತ್ತೆ ನನ್ನ ಪಾಳಿ ಬಂತು. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಯಾವುದೋ ಭಾನುವಾರದ ಪುರವಣಿಯಲ್ಲಿ ಓದಿದ್ದೆ: ಫ್ರೆಂಚರು ಮಧ್ಯಾಹ್ನದ ಊಟಕ್ಕೆ ಮೂರು ಗಂಟೆ ಕೂರುತ್ತಾರೆ, ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ, ಮಧ್ಯೆ ಎದ್ದು ಹೋಗುವುದು ದೊಡ್ಡ ಅವಮಾನ. ಲಾಡ್ಜಿನ ಜಗಲಿಯಲ್ಲಿ ಮಂಡಿಯವನಿಗೆ ಇದನ್ನು ವಿವರಿಸಿದೆ. ನಾನೇ ಫ್ರಾನ್ಸಿನಲ್ಲಿ ಬೆಳೆದವನ ಹಾಗೆ ವಿವರಿಸಿದೆ.

ಅವನು ಬೀಡಿ ಆರಿಸಿ ಯೋಚನೆ ಮಾಡಿದ. 'ಮೂರು ಗಂಟೆ ಮಜ್ಜಿಗೆ ಕುಡ್ಕಂಡು ಕೂರಕ್ಕಾಗಾಕಿಲ್ಲ ಕಣ್ಲಾ. ಅವ್ನು ಉಣ್ಲೇಬೇಕು. ಉಂಡ ಅಂದ್ರೆ ಮುಗೀತು. ನಾನು ಸಾಕ್ಷಿ.'

ಹೀಗೆ ಒಬ್ಬಳನ್ನು ಮದುವೆಯಾಗುವುದಕ್ಕೆ ಅವಳ ಅಣ್ಣನನ್ನು ಊಟದ ಬಲೆಗೆ ಕೆಡವುವ ಸಂಚು ಸಿದ್ಧವಾಯಿತು.

ಹೋಟೆಲು ಸಮುದ್ರದ ಹತ್ತಿರ ಒಂದು ಹಳೆಯ ಬಂಗಲೆಯಲ್ಲಿತ್ತು. ಹಳದಿ ಗೋಡೆ, ಒಳಗೆ ಅಂಗಳ, ಅಂಗಳದಲ್ಲಿ ಮರ, ಮರದ ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜುಗಳು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಿಂದೂಪುರದ ಹೋಟೆಲುಗಳಲ್ಲಿ ಕೂರುವ ಮೊದಲೇ ಪಕ್ಕದಲ್ಲೊಬ್ಬ ಬಂದು ನೀವು ಏಳುವುದಕ್ಕೆ ಕಾದು ನಿಲ್ಲುತ್ತಾನೆ. ಇಲ್ಲಿ ನಮ್ಮನ್ನು ಕೂರಿಸಿದವರು ನಾವಿದ್ದೇವೆಂಬುದನ್ನೇ ಮರೆತಂತಿತ್ತು. ನಾನು ಬೇಕೆಂದೇ ಕಲ್ಯಾಣದುರ್ಗದವನ ಎದುರಿಗೆ ಕೂತೆ, ಅವನ ತಟ್ಟೆ ನೇರ ಕಣ್ಣಿಗೆ ಬೀಳುವ ಹಾಗೆ. ಅವನ ಪಕ್ಕದಲ್ಲಿ ಅತ್ತಿಗೆ, ಮೇಜಿನ ತುದಿಗೆ ಮಂಡಿಯವನು. ತಂಗಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

ಬಿಳಿ ಅಂಗಿಯ ತಮಿಳು ಹಿರಿಯರೊಬ್ಬರು ಬಂದು ದಪ್ಪ ರಟ್ಟಿನ ಮೆನು ಕೊಟ್ಟರು. ಎಲ್ಲರೂ ನನ್ನ ಕಡೆ ನೋಡಿದರು, ಊಟದ ಯಜಮಾನ ನಾನೇ ತಾನೆ. ನಾನು ಗಂಟಲು ಸರಿಮಾಡಿಕೊಂಡು ಅದರಲ್ಲಿದ್ದ ಫ್ರೆಂಚ್ ಹೆಸರುಗಳನ್ನು ಓದತೊಡಗಿದೆ. ಬರೆದದ್ದನ್ನೆಲ್ಲ ಒಂದಕ್ಷರವೂ ಬಿಡದೆ ಉಚ್ಚರಿಸಬೇಕೆಂದು ಮಕ್ಕಳ ಕಿವಿ ಹಿಂಡುವವನು ನಾನು, ಹಾಗೆಯೇ ಓದಿದೆ. ಆ ಹಿರಿಯರು ಸ್ವಲ್ಪ ಹೊತ್ತು ತಾಳಿಕೊಂಡು, ಮೆನುವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, ಇವತ್ತಿನ ಲಂಚ್ ಅಂತಲೇ ಒಂದಿದೆ ಸರ್, ಎಲ್ಲ ಒಂದಾದ ಮೇಲೊಂದು ಬರುತ್ತದೆ, ಅದನ್ನೇ ತರಲೇ ಎಂದರು. ನಾನೂ ಅದನ್ನೇ ಹೇಳಬೇಕೆಂದಿದ್ದೆ ಎಂಬಂತೆ ತಲೆಯಾಡಿಸಿದೆ.

ಮೊದಲು ಬ್ರೆಡ್ಡು ಬಂತು, ಬೆಣ್ಣೆ ಬಂತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಈರುಳ್ಳಿ ಸೂಪು ಬಂತು, ಮೇಲೆ ಚೀಸು ಕರಗಿ ತೊಗಟೆಯಾಗಿತ್ತು. ಕಲ್ಯಾಣದುರ್ಗದವನು ಬಟ್ಟಲಿನೊಳಗೆ ಬಗ್ಗಿ ನೋಡಿದ, ಮೂಸಿದ. ಈಗ ಹೊಟ್ಟೆ ಗುಡುಗುತ್ತದೆ ಎಂದುಕೊಂಡೆ. ಅವನು ಚಮಚ ಎತ್ತಿಕೊಂಡ. ಒಂದು ಗುಟುಕು, ಇನ್ನೊಂದು ಗುಟುಕು. 'ಬಲೇ ಉಂದಿರಾ' ಎಂದು ತೆಲುಗಿನಲ್ಲಿ ಮೆಚ್ಚಿಕೊಂಡು, ಬ್ರೆಡ್ಡು ಅದ್ದಿ ಅದ್ದಿ ಬಟ್ಟಲನ್ನು ತೊಳೆದಂತೆ ಖಾಲಿ ಮಾಡಿದ.

ನಾನು ಮೇಜಿನ ಕೆಳಗೆ ಮಂಡಿಯವನ ಕಾಲು ಒದ್ದೆ. ಸಾಕ್ಷಿ ಎಚ್ಚರವಾಗಿರಲಿ ಎಂದು. ಅತ್ತಿಗೆ ಬೆಚ್ಚಿಬಿದ್ದು ಗಂಡನ ಮುಖ ನೋಡಿ, 'ಏನ್ರೀ, ಸುಮ್ನಿರಿ, ಜನ ನೋಡ್ತಾರೆ' ಎಂದು ಕೆಂಪಾದರು. ಅವನಿಗೆ ಏನೂ ಅರ್ಥವಾಗಲಿಲ್ಲ. ನಾನು ಕಾಲು ಒಳಗೆಳೆದುಕೊಂಡೆ.

ಸೊಪ್ಪು ಬಂತು, ಹಸಿಯದು, ಎಣ್ಣೆ ನಿಂಬೆಹುಳಿ ಸವರಿದ್ದು. 'ಇದನ್ನ ನಮ್ಮೂರಲ್ಲಿ ಆಡಿನ ಮುಂದೆ ಹಾಕ್ತೀವಿ' ಎನ್ನುತ್ತ ಅವನು ಅದನ್ನೂ ಮುಗಿಸಿದ. ಮತ್ತೆ ಕಾಯುವಿಕೆ. ಮಂಡಿಯವನಿಗೆ ತಡೆಯಲಾಗಲಿಲ್ಲ. 'ಇದೇನಪ್ಪ, ಎಲ್ಲಾ ಒಂದೇ ಸಲ ತಂದು ಹಾಕಿದ್ರೆ ಇವ್ರಿಗೇನು ನಷ್ಟ? ನಮ್ಮಲ್ಲಿ ಇಷ್ಟೊತ್ತಿಗೆ ಮೂರು ಪಂಕ್ತಿ ಏಳ್ತಿತ್ತು' ಎಂದು ಗೊಣಗಿದ. ಆದರೆ ನಿಜ ಹೇಳಬೇಕೆಂದರೆ ಆ ಕಾಯುವಿಕೆ ಸುಖವಾಗಿತ್ತು. ನಮಗೆ ಅಷ್ಟು ಹೊತ್ತು ಸುಮ್ಮನೆ ಕೂತು ಗೊತ್ತೇ ಇರಲಿಲ್ಲ. ಬಿ.ಎಡ್. ದಿನಗಳಲ್ಲಿ ಕಲ್ಯಾಣದುರ್ಗದವನು ಒಣಹಾಕಿದ್ದ ನನ್ನ ಪಂಚೆ ಉಟ್ಟುಕೊಂಡು ಪಾಠ ಮಾಡಲು ಹೋಗಿದ್ದು, ಅತ್ತಿಗೆ ಮದುವೆಯ ದಿನ ಗಂಡನನ್ನು ಬಿಟ್ಟು ಅವನ ಚಿಕ್ಕಪ್ಪನನ್ನು ಮದುಮಗ ಎಂದುಕೊಂಡಿದ್ದು, ಎಲ್ಲ ಒಂದೊಂದಾಗಿ ಮಾತಿಗೆ ಬಂತು. ಮರದ ನೆರಳು ಮೇಜಿನ ಮೇಲೆ ನಿಧಾನವಾಗಿ ಸರಿಯಿತು. ನಾನು ಮಾತ್ರ ನಗುವಾಗಲೂ ಒಂದು ಕಣ್ಣನ್ನು ಅವನ ತಟ್ಟೆಯ ಮೇಲಿಂದ ತೆಗೆಯಲಿಲ್ಲ.

'ಮೇಷ್ಟ್ರೇ, ನಿಮ್ಮ ಶಾಲೇಲಿ ಕನ್ನಡಕ್ಕೆ ಮಕ್ಕಳು ಸೇರ್ತಾರಾ ಈಗ್ಲೂ?' ಎಂದು ತಂಗಿ ಕೇಳಿದಳು.

ಅದೇ ಹೊತ್ತಿಗೆ ಬೆಣ್ಣೆಯಲ್ಲಿ ಹುರಿದ ಮೀನು ಬಂದಿತ್ತು, ಅವಳ ಅಣ್ಣ ಮುಳ್ಳು ಬಿಡಿಸುತ್ತಿದ್ದ. 'ಹೂಂ, ಚೆನ್ನಾಗೈತೆ' ಎಂದೆ ನಾನು. ಅವಳು ಮತ್ತೆ ಏನೂ ಕೇಳಲಿಲ್ಲ. ತಟ್ಟೆ ತೆಗೆದುಕೊಂಡು ಹೋಗಲು ಬಂದ ಹಿರಿಯರು ಅವಳ ಹತ್ತಿರ ಬಗ್ಗಿ ತಮಿಳಿನಲ್ಲಿ ಏನೋ ವಿಚಾರಿಸಿದರು. ಅವಳು ಸಾಕು ಎಂಬಂತೆ ಕೈಯಾಡಿಸಿದಳು. ನನಗೆ ಅದು ಕಂಡಿತು, ಆದರೆ ತಲೆಗೆ ಹೋಗಲಿಲ್ಲ. ತಲೆಯಲ್ಲಿ ಆಗಲೇ ಚಪ್ಪರ ಎದ್ದಿತ್ತು.

ಕೋಳಿ ಬಂತು, ಅಣಬೆಯ ಗಟ್ಟಿ ಗೊಜ್ಜಿನಲ್ಲಿ. ಅವನು ಮೂಳೆ ಚೀಪಿದ. ಆಮೇಲೆ ಒಂದು ಹಲಗೆಯ ಮೇಲೆ ಚೀಸಿನ ತುಂಡುಗಳು ಬಂದವು. ಅದರಲ್ಲೊಂದರ ವಾಸನೆಗೆ ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡರು, ಮಂಡಿಯವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಇದು ಅವನಿಗೆ ಬೇಡವಾಗಿದ್ದರೂ ನನಗೆ ಬೇಜಾರಿರಲಿಲ್ಲ, ಅಷ್ಟರಲ್ಲಿ ನಾಲ್ಕು ಮದುವೆಗಾಗುವಷ್ಟು ಉಂಡಿದ್ದ. ಆದರೂ ಅವನು ಕೈಹಾಕಿದ. 'ಗಿಣ್ಣು ಎರಡು ದಿನ ಮರೆತು ಇಟ್ರೆ ಹಿಂಗೇ ಆಗ್ತೈತೆ ಕಣಪ್ಪ. ನಮ್ಮಜ್ಜಿ ಬಿಸಾಕ್ತಿರ್ಲಿಲ್ಲ' ಎಂದು ಅದನ್ನೂ ಬಾಯಿಗೆ ಹಾಕಿಕೊಂಡ.

ನನಗೆ ಕಣ್ಣು ತುಂಬಿ ಬಂತು. ಒಂದು ವರ್ಷ ನಮ್ಮಮ್ಮನ ಮುದ್ದೆಯನ್ನು ಮುಟ್ಟದಿದ್ದವನು ನನಗೋಸ್ಕರ ಆ ನಾತದ ಚೀಸನ್ನೂ ಉಂಡನಲ್ಲ ಎಂದು. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಕೊನೆಗೆ ಕ್ಯಾರಮೆಲ್ ಕಸ್ಟರ್ಡ್ ಬಂದು ಅವನು ಮೊದಲ ಚಮಚ ಬಾಯಿಗಿಟ್ಟ ಕೂಡಲೇ ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಶಾಲೆಯಲ್ಲಿ ವಂದನಾರ್ಪಣೆ ಮಾಡಿ ಮಾಡಿ ಅಭ್ಯಾಸ. ಅಷ್ಟು ವರ್ಷ 'ಲೇ' ಎಂದೇ ಕರೆದವನನ್ನು ಹೊಸದಾಗಿ ಕರೆದೆ.

'ಬಾವಾ, ಹಂಗಾದ್ರೆ ನಮ್ಮ ಮಾವನ್ನ ಕಲ್ಯಾಣದುರ್ಗಕ್ಕೆ ಯಾವತ್ತು ಕಳಿಸ್ಲಿ?'

ಚಮಚ ಅವನ ಬಾಯಲ್ಲೇ ನಿಂತಿತು. 'ಯಾತಕ್ಲಾ?'

'ಯಾತಕ್ಕೆ ಅಂದ್ರೆ? ನೀನು ಉಂಡೆಯಲ್ಲ.'

'ಎಲ್ಲಿ ಉಂಡೆ?'

'ಇಲ್ಲೇ. ಮೂರು ಗಂಟೆ ಹೊತ್ತಿಂದ ಉಣ್ತಾನೇ ಇದೀಯ. ನಾನು ನೋಡಿದೀನಿ, ಇವ್ನು ನೋಡವ್ನೆ' ಎಂದು ಮಂಡಿಯವನ ಕಡೆ ಕೈತೋರಿಸಿದೆ.

ಕಲ್ಯಾಣದುರ್ಗದವನು ಚಮಚ ಕೆಳಗಿಟ್ಟು, ನಿಜವಾದ ಆಶ್ಚರ್ಯದಿಂದ ಮೇಜಿನ ಮೇಲೆಲ್ಲ ನೋಡಿದ. 'ಊಟ ಎಲ್ಲೈತಪ್ಪ ಇಲ್ಲಿ? ಅನ್ನ ಇಲ್ಲ, ಮುದ್ದೆ ಇಲ್ಲ, ಸಾರಿಲ್ಲ. ಆವಾಗಿಂದ ಟಿಫನ್ ತಿಂತಾ ಕೂತಿದೀನಿ. ಊಟ ಇನ್ನಾ ಬತ್ತೈತೆ, ಬಂದ್ರೆ ಹೊಟ್ಟೆ ನೋವು ಅನ್ನಾನ ಅಂತ ಕಾಯ್ತಿದ್ದೆ.'

ನನಗೆ ಕೂರಲೂ ತೋಚಲಿಲ್ಲ. ನಮ್ಮ ಕಡೆ ಅನ್ನ ಮುದ್ದೆ ಎರಡೂ ಇಲ್ಲದ್ದನ್ನು ಊಟ ಅನ್ನುವುದಿಲ್ಲ ಎಂದು ನನಗೇನು ಗೊತ್ತಿರಲಿಲ್ಲವೇ? ಹತ್ತು ದೋಸೆ ತಿಂದವನೂ ಮನೆಗೆ ಬಂದು, 'ಇನ್ನೂ ಊಟ ಆಗಿಲ್ಲ' ಅನ್ನುವ ಸೀಮೆ ನಮ್ಮದು. ಹೆಣ್ಣು ನೋಡಲು ಹೋದ ಮನೆಗಳಲ್ಲಿ ತಟ್ಟೆಗಟ್ಟಲೆ ಉಪ್ಪಿಟ್ಟು ತಿಂದು ನಾನೇ ಎಷ್ಟು ಸಲ ಜಾರಿಕೊಂಡು ಬಂದಿದ್ದೆ. ಪುರವಣಿ ಓದಿದ ಜಂಬದಲ್ಲಿ ಇಷ್ಟು ಸಣ್ಣದು ಹೊಳೆಯಲಿಲ್ಲ. ನಾನು ಬಲವಾಗಿ ವಾದಿಸಿದೆ, ಮೀನು ತಿಂದೆಯಲ್ಲ ಎಂದೆ, ಕೋಳಿ ತಿಂದೆಯಲ್ಲ ಎಂದೆ. ನಂಚಿಕೊಳ್ಳೋದು ಎಷ್ಟಾದರೇನು, ಕಲಸಿಕೊಳ್ಳೋದು ಎಲ್ಲೈತೆ ಎಂದು ಅವನು ಕೇಳಿದ. ಸಾಕ್ಷಿಯ ಕಡೆ ನೋಡಿದೆ. ಮಂಡಿಯವನು ನೆಲ ನೋಡುತ್ತ, 'ಅವ್ನು ಹೇಳೋದ್ರಾಗೂ ನ್ಯಾಯ ಐತೆ ಕಣ್ಲಾ. ನಂಗೂ ಹಸಿವಾಗ್ತೈತೆ' ಎಂದ.

ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಆಗ ನನ್ನ ಪಕ್ಕದಿಂದ ಮಾತು ಬಂತು. ದನಿ ಎತ್ತರಿಸಿರಲಿಲ್ಲ, ಲ್ಯಾಬಿನಲ್ಲಿ ರಿಪೋರ್ಟು ಓದಿ ಹೇಳುವವಳ ಹಾಗಿತ್ತು.

'ಮೇಷ್ಟ್ರೇ, ನೀವು ಮದ್ವೆ ಆಗ್ಬೇಕಂತಿರೋದು ನಮ್ಮಣ್ಣನ್ನ?'

ಅತ್ತಿಗೆ ನಗು ತಡೆಯಲಾಗದೆ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನು ಇಲ್ಲ ಎನ್ನುವಂತೆ ತಲೆಯಾಡಿಸಿದೆ.

'ಮೂರು ಗಂಟೆ ಅವನು ಏನು ತಿಂದ, ಎಷ್ಟು ತಿಂದ ಅಂತ ನೋಡ್ತಾ ಕೂತಿದ್ರಿ. ನಾನು ಏನು ತಿಂದೆ, ಹೇಳಿ ನೋಡಾಣ.'

ನಾನು ಅವಳ ಮುಂದೆ ನೋಡಿದೆ. ಕಸ್ಟರ್ಡ್ ಬಂದ ಹಾಗೇ ಇತ್ತು. ಬಟ್ಟೆಯ ಮೇಲೆ ಬ್ರೆಡ್ಡಿನ ಪುಡಿ ಕೂಡ ಬಿದ್ದಿರಲಿಲ್ಲ. ಮಡಿಸಿಟ್ಟ ಬಿಳಿ ಕರವಸ್ತ್ರದ ಮಡಿಕೆ ಬಿಚ್ಚಿರಲಿಲ್ಲ.

'ಒಂದು ತುತ್ತೂ ಮುಟ್ಟಿಲ್ಲ ಅವಳು' ಎಂದರು ಅತ್ತಿಗೆ, ಈಗ ನಗದೆ. 'ಎಲ್ಲಾ ತಟ್ಟೆನೂ ಹಂಗೇ ವಾಪಸು ಹೋಯ್ತು. ನೀವು ಈಗ ನೋಡ್ತೀರ, ಆಗ ನೋಡ್ತೀರ ಅಂತ ನಾನೂ ಕಾದೆ.'

'ಉಂಡ್ರೆ ಒಪ್ಪಿದ ಹಾಗೆ ಅನ್ನೋದು ನನಗೂ ಗೊತ್ತು' ಎಂದಳು ಅವಳು. 'ಅದಕ್ಕೇ ವೆಲ್ಲೂರಲ್ಲೂ ಉಣ್ಲಿಲ್ಲ, ಇಲ್ಲೂ ಉಣ್ಲಿಲ್ಲ. ವರ್ಷದಿಂದ ನೀವಿಬ್ರೂ ಕಾಫಿ ಕುಡ್ಕಂಡು ನನ್ನ ವಿಚಾರ ನಡಿಸ್ತಿದೀರಿ. ನನ್ನ ಒಂದು ಮಾತು ಯಾರೂ ಕೇಳಿಲ್ಲ.'

ನಾನು ಕೂತೆ. ಅಷ್ಟು ನಾಚಿಕೆ ನನಗೆ ಪೆನುಕೊಂಡದಲ್ಲೂ ಆಗಿರಲಿಲ್ಲ. ಸಿಟ್ಟೂ ಬಂತು, ನನ್ನ ಮೇಲೇ. ನೆಲದ ಮೇಲೆ ಬಿದ್ದವನನ್ನು ನೋಡಿಯೂ ನಗದವಳು, ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದವಳು, ನನ್ನ ಮೊಣಕೈ ತಾಗುವಷ್ಟು ಹತ್ತಿರ ಹಸಿದುಕೊಂಡು ಕೂತಿದ್ದಳು. ನಾನು ಅವಳ ಅಣ್ಣ ನಾತದ ಚೀಸು ತಿಂದದ್ದು ನೋಡಿ ಕಣ್ಣೀರು ತಂದುಕೊಂಡಿದ್ದೆ. ಎಲ್ಲ ಮುಗಿಯಿತು, ಹಿಂದೂಪುರಕ್ಕೆ ಹೋದಮೇಲೆ ಈ ಹೊಸ ಶರ್ಟನ್ನು ಯಾರಿಗಾದರೂ ಕೊಟ್ಟುಬಿಡಬೇಕು ಎಂದುಕೊಂಡೆ. ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ.

'ಹಸಿವಾಗ್ತೈತಾ ನಿಮಗೆ?'

ಅವಳು ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. 'ಬಹಳ. ಅನ್ನ ಸಿಗೋ ಕಡೆಗೆ ಹೋಗಾಣ.'

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮೆಸ್ಸು ಇತ್ತು. ಹೊತ್ತು ಮೀರಿತ್ತು, ಪಲ್ಯ ಸಾಂಬಾರು ಎಲ್ಲ ಮುಗಿದಿತ್ತು. ಅನ್ನ, ರಸಂ, ಉಪ್ಪಿನಕಾಯಿ ಇದೆ ಎಂದ ಮೆಸ್ಸಿನವನು. ಎಲ್ಲರಿಗಿಂತ ಮುಂದೆ ಹೋದ ಅವಳೇ ಅವನಿಗೆ, ಐದು ಎಲೆ ಹಾಕು, ಬಿಲ್ಲು ನನ್ನ ಹತ್ತಿರ ತೆಗೆದುಕೊ ಎಂದು ಕೈಸನ್ನೆಯಲ್ಲಿ, ಅರ್ಧ ತೆಲುಗಿನಲ್ಲಿ ತಿಳಿಸಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

'ಈ ಊಟ ನಂದು. ಪಾಳಿ ಬರೀ ಗಂಡಸ್ರಿಗೇನಾ? ನಾನೂ ಸಂಬಳ ತಗೊಳ್ಳೋಳೇ.'

ಮಂಡಿಯವನು ಎಲೆಯ ಮುಂದೆ ಆಗಲೇ ಕೂತಿದ್ದವನು, ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಎಲ್ಲರ ಮುಖ ನೋಡಿದ. ಹುಡುಗಿಯ ಕಡೆಯ ಊಟ. ಕಟ್ಟಳೆ ಎಲ್ಲರಿಗಿಂತ ತಡವಾಗಿ ನನ್ನ ತಲೆಗೆ ಹೋಯಿತು.

ಕಲ್ಯಾಣದುರ್ಗದವನ ಮುಖದಲ್ಲಿ ಇಡೀ ದಿನದಲ್ಲಿ ಮೊದಲ ಸಲ ತಮಾಷೆ ಇರಲಿಲ್ಲ. 'ಅಮ್ಮಣ್ಣೀ, ಯೋಚನೆ ಮಾಡಿ ಹಾಕ್ತಿದೀಯಾ?' ಎಂದ ಮೆಲ್ಲಗೆ.

'ಮೂರು ಗಂಟೆ ಉಪಾಸ ಕೂತು ಇನ್ನೇನು ಮಾಡ್ತಿದ್ದೆ ಅಣ್ಣ?' ಎಂದಳು. 'ಬೆಳಿಗ್ಗೆ ಕೇಳಿದ್ರೆ ಬೇಡ ಅಂತಿದ್ದೆ. ಈಗ್ಲೂ ಅರ್ಧ ಬೇಡ ಅಂತ್ಲೇ ಐತೆ. ಆದ್ರೆ ಮೇಷ್ಟ್ರು ಕೊನೆಗೊಂದು ಮಾತು ಸರಿಯಾಗಿ ಕೇಳಿದ್ರು.'

ಅವನು ಎಲೆಯ ಮುಂದೆ ಕೂತ. 'ನಾನೂ ಉಣ್ಬೇಕಾ?'

'ನೀನು ಬರೀ ಟಿಫನ್ ತಿಂದಿರೋದು ತಾನೆ. ಉಣ್ಣು.'

ನನ್ನ ಎಲೆಗೆ ಬಿಸಿ ಅನ್ನ ಬಿತ್ತು. ನನ್ನ ಹೊಟ್ಟೆಯಲ್ಲಿ ಆಗ ಸೂಪು, ಮೀನು, ಕೋಳಿ, ಬೆಣ್ಣೆ, ಬ್ರೆಡ್ಡು, ಎಲ್ಲ ಗಂಟಲವರೆಗೆ ನಿಂತಿದ್ದವು. ಒಂದು ಅಗುಳಿಗೂ ಜಾಗವಿರಲಿಲ್ಲ. ಅವಳು ನನ್ನ ಎದುರಿಗೆ ಕೂತು, 'ಉಣ್ಣೋದು ಬಿಡೋದು ನಿಮ್ಮಿಷ್ಟ ಮೇಷ್ಟ್ರೇ. ಹೊಟ್ಟೆ ತುಂಬಿದ್ರೆ ಬಲವಂತ ಇಲ್ಲ' ಎಂದಳು. ನಾನು ಕಲಸಿದೆ, ಉಂಡೆ. ಬೆವರು ಹರಿಯಿತು, ಪ್ಯಾಂಟಿನ ಗುಂಡಿ ಬಿಚ್ಚಬೇಕಾಯಿತು, ಉಂಡೆ. ಎಲೆ ಖಾಲಿಯಾಗುವವರೆಗೂ ಅವಳು ಕಣ್ಣು ತೆಗೆಯಲಿಲ್ಲ.

'ಸಾಕಾ?'

'ಇನ್ನೊಂಚೂರು' ಎಂದೆ. ಅಷ್ಟೊಂದು ಕಷ್ಟದಲ್ಲಿ ಅಷ್ಟೊಂದು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಆಮೇಲೆ ಅವಳು ತನ್ನ ಎಲೆಗೆ ನೀರು ಚಿಮುಕಿಸಿ ಒರೆಸಿದಳು, ಅನ್ನ ಹಾಕಿಸಿಕೊಂಡಳು, ಮಧ್ಯೆ ಗುಳಿ ಮಾಡಿ ರಸಂ ಬಿಡಿಸಿಕೊಂಡಳು. ತಾನು ಹಾಕಿದ ಊಟವನ್ನು ತಾನೇ ಉಂಡರೆ ಕಟ್ಟಳೆ ಏನು ಹೇಳುತ್ತದೆ ಎಂದು ಕೇಳಲು ಮಂಡಿಯವನು ಬಾಯಿ ತೆರೆದ. ಅತ್ತಿಗೆ ಅವನ ಕಾಲು ತುಳಿದರು. ಅವಳು ಯಾರ ಕಡೆಗೂ ನೋಡದೆ ಕಲಸಿ, ಮೊದಲ ತುತ್ತು ಬಾಯಿಗಿಟ್ಟಳು.